ಏಕರೂಪ ಚಾರ್ಜಿಂಗ್ ಪೋರ್ಟ್ ವ್ಯವಸ್ಥೆ: ಗಿರಿನಗರ ಹಾಗೂ ಸುತ್ತಲಿನ ಬಡಾವಣೆಗಳ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಪಿಂಚಣಿದಾರರ ಜೀವಿತ ಪ್ರಮಾಣಪತ್ರ, ಪಡಿತರ ಚೀಟಿಯ ತಿದ್ದುಪಡಿ, ಜಾತಿ ಹಾಗೂ ಆದಾಯ ಪ್ರಮಾಣಪತ್ರ, ವಿದ್ಯುತ್ ಮತ್ತು ನೀರಿನ ಬಿಲ್ಲಿನ ಪಾವತಿ ಮುಂತಾದ ಸೇವೆಗಳನ್ನು ನಾಗರಿಕರು ಇಂದು ಬಹುಮಟ್ಟಿಗೆ ಮೊಬೈಲ್ ದೂರವಾಣಿಯ ನೆರವಿನಿಂದ ಪಡೆಯುತ್ತಿದ್ದಾರೆ. ಕಚೇರಿಗೆ ಖುದ್ದಾಗಿ ಹೋದರೂ ಅರ್ಜಿ ಪೂರ್ಣಗೊಳ್ಳಲು ಓ.ಟಿ.ಪಿ. ಸಂಖ್ಯೆಯನ್ನು ತಿಳಿಸಬೇಕಾಗುತ್ತದೆ. ಮೊಬೈಲಿನ ಬ್ಯಾಟರಿ ಮುಗಿದಿದ್ದಲ್ಲಿ ಸರದಿಯಲ್ಲಿ ನಿಂತ ಅರ್ಜಿದಾರರು ಸೇವೆ ಪಡೆಯದೆ ಹಿಂದಿರುಗಬೇಕಾಗುತ್ತದೆ. ಆದುದರಿಂದ ಚಾರ್ಜರ್ ಎಂಬುದು ಕೇವಲ ಅನುಕೂಲದ ವಸ್ತುವಾಗಿ ಉಳಿದಿಲ್ಲ.

ಗಿರಿನಗರ, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಹನುಮಂತನಗರ, ಬನಶಂಕರಿ ಮುಂತಾದ ಬಡಾವಣೆಗಳಲ್ಲಿ ಹಿರಿಯ ನಾಗರಿಕರು, ವಿದ್ಯಾರ್ಥಿಗಳು ಹಾಗೂ ಉದ್ಯೋಗಸ್ಥರು ಒಂದೇ ಮನೆಯಲ್ಲಿ ಬೇರೆ ಬೇರೆ ಕಂಪನಿಗಳ ಸಾಧನಗಳನ್ನು ಬಳಸುವುದು ಸಾಮಾನ್ಯ. ಪ್ರತಿ ಸಾಧನಕ್ಕೂ ಪ್ರತ್ಯೇಕ ಚಾರ್ಜರ್ ಕೊಳ್ಳಬೇಕಾದ ಹೊರೆಯನ್ನು ತಪ್ಪಿಸುವ ಸಲುವಾಗಿ ಹಲವು ದೇಶಗಳು ತಯಾರಕರಿಗೆ ನಿಯಮಗಳನ್ನು ವಿಧಿಸಿವೆ. ಸದರಿ ನಿಯಮಗಳ ಹಿನ್ನೆಲೆ, ಭಾರತದಲ್ಲಿ ಕೈಗೊಂಡ ಕ್ರಮಗಳು, ಖರೀದಿಯ ಸಮಯದಲ್ಲಿ ವಹಿಸಬೇಕಾದ ಎಚ್ಚರಿಕೆ ಹಾಗೂ ದೂರು ಸಲ್ಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ಏಕರೂಪ ಚಾರ್ಜಿಂಗ್ ಪೋರ್ಟ್ ಎಂದರೇನು?

ಮೊಬೈಲ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮುಂತಾದ ಸಾಧನಗಳಲ್ಲಿ ಚಾರ್ಜಿಂಗ್ ತಂತಿಯನ್ನು ಸೇರಿಸುವ ಕಿಂಡಿಗೆ ಪೋರ್ಟ್ ಎಂದು ಹೆಸರು. ಈ ಕಿಂಡಿಯ ಆಕಾರ, ಅಳತೆ ಹಾಗೂ ವಿದ್ಯುತ್ ಹರಿಯುವ ಕ್ರಮವು ಎಲ್ಲ ತಯಾರಕರ ಸಾಧನಗಳಲ್ಲಿಯೂ ಒಂದೇ ಆಗಿದ್ದಲ್ಲಿ ಅದನ್ನು ಏಕರೂಪ ಪೋರ್ಟ್ ಎನ್ನಲಾಗುತ್ತದೆ. ಪ್ರಸ್ತುತ ಇದಕ್ಕಾಗಿ ಆಯ್ಕೆ ಮಾಡಲಾಗಿರುವುದು ಯುಎಸ್‌ಬಿ ಟೈಪ್-ಸಿ ಮಾದರಿ.

ಟೈಪ್-ಸಿ ಮಾದರಿಯ ವಿನ್ಯಾಸವನ್ನು 2014ರಲ್ಲಿ ಪ್ರಕಟಿಸಲಾಯಿತು. ಇದರಲ್ಲಿ 24 ಸಂಪರ್ಕ ಬಿಂದುಗಳಿವೆ. ತಂತಿಯ ತುದಿಯನ್ನು ಮೇಲುಕೆಳಗಾಗಿ ಸೇರಿಸಿದರೂ ಸರಿಯಾಗಿ ಕೂಡುತ್ತದೆ. ಕಣ್ಣು ಮಂಜಾಗಿರುವ ಅಥವಾ ಕೈ ನಡುಗುವ ಹಿರಿಯರಿಗೆ ಇದರಿಂದ ವಿಶೇಷ ಅನುಕೂಲವಿದೆ. ಚಾರ್ಜಿಂಗ್, ಮಾಹಿತಿ ವರ್ಗಾವಣೆ ಹಾಗೂ ಪರದೆಯ ಸಂಪರ್ಕಕ್ಕೆ ಇದೇ ಕಿಂಡಿಯನ್ನು ಬಳಸಬಹುದಾಗಿದೆ.

2. ಹಿನ್ನೆಲೆ

ಎರಡು ದಶಕಗಳ ಹಿಂದೆ ಪ್ರತಿಯೊಂದು ಕಂಪನಿಯೂ ತನ್ನದೇ ಆದ ಪಿನ್ನನ್ನು ಬಳಸುತ್ತಿತ್ತು. ಸಣ್ಣ ಪಿನ್ನು, ದಪ್ಪ ಪಿನ್ನು, ಚಪ್ಪಟೆ ಪಿನ್ನು ಎಂದು ಗುರುತಿಟ್ಟುಕೊಂಡು ಅಂಗಡಿಯಲ್ಲಿ ಕೇಳಬೇಕಾಗುತ್ತಿತ್ತು. ಚೀನಾ ದೇಶವು 2006ರಲ್ಲಿಯೇ ಮೊಬೈಲ್ ಚಾರ್ಜರ್‌ಗಳಿಗೆ ರಾಷ್ಟ್ರೀಯ ಮಾನಕವೊಂದನ್ನು ಹೊರಡಿಸಿತು. ಐರೋಪ್ಯ ಒಕ್ಕೂಟದಲ್ಲಿ 2009ರಲ್ಲಿ ಪ್ರಮುಖ ತಯಾರಕರು ಸ್ವಇಚ್ಛೆಯ ಒಪ್ಪಂದವೊಂದಕ್ಕೆ ಸಹಿ ಹಾಕಿ ಮೈಕ್ರೋ ಯುಎಸ್‌ಬಿ ಮಾದರಿಯನ್ನು ಅಂಗೀಕರಿಸಿದರು. ಇದರ ಪರಿಣಾಮವಾಗಿ ಸುಮಾರು 30ರಷ್ಟಿದ್ದ ಚಾರ್ಜಿಂಗ್ ವಿಧಗಳು ಕಾಲಕ್ರಮದಲ್ಲಿ 3ಕ್ಕೆ ಇಳಿದವು. ಆದರೆ ಪ್ರತ್ಯೇಕ ಅಡಾಪ್ಟರ್ ಒದಗಿಸಿದರೆ ಸಾಕು ಎಂಬ ಅವಕಾಶವು ಒಪ್ಪಂದದಲ್ಲಿಯೇ ಇದ್ದುದರಿಂದ ಪೂರ್ಣ ಏಕರೂಪತೆ ಸಾಧ್ಯವಾಗಲಿಲ್ಲ.

ಸ್ವಇಚ್ಛೆಯ ಕ್ರಮವು ಸಾಲದೆಂದು ಕಂಡುಬಂದ ಮೇಲೆ ಶಾಸನವನ್ನು ರೂಪಿಸಲಾಯಿತು. 2022ರ ಅಕ್ಟೋಬರ್ 4ರಂದು ಐರೋಪ್ಯ ಸಂಸತ್ತು 602 ಮತಗಳ ಬೆಂಬಲದೊಂದಿಗೆ ಇದನ್ನು ಅಂಗೀಕರಿಸಿತು. ವಿರುದ್ಧವಾಗಿ 13 ಮತಗಳು ಬಿದ್ದವು. ಇದರ ಮುಖ್ಯಾಂಶಗಳು ಹೀಗಿವೆ:

ಅ) 2024ರ ಡಿಸೆಂಬರ್ 28ರಿಂದ ಐರೋಪ್ಯ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಮೊಬೈಲ್, ಟ್ಯಾಬ್ಲೆಟ್, ಡಿಜಿಟಲ್ ಕ್ಯಾಮೆರಾ, ಹೆಡ್‌ಫೋನ್, ಸ್ಪೀಕರ್, ಕೀಬೋರ್ಡ್, ಮೌಸ್ ಮುಂತಾದ ತಂತಿಯ ಮೂಲಕ ಚಾರ್ಜ್ ಆಗುವ ಸಾಧನಗಳಲ್ಲಿ ಟೈಪ್-ಸಿ ಪೋರ್ಟ್ ಇರತಕ್ಕದ್ದು.
ಆ) ಲ್ಯಾಪ್‌ಟಾಪ್‌ಗಳಿಗೆ ಈ ನಿಯಮವು ಅನ್ವಯವಾಗುವ ದಿನಾಂಕವನ್ನು 2026ರ ಏಪ್ರಿಲ್ 28 ಎಂದು ನಿಗದಿಪಡಿಸಲಾಯಿತು.
ಇ) ವೇಗದ ಚಾರ್ಜಿಂಗ್ ಸೌಲಭ್ಯವಿರುವ ಸಾಧನಗಳು ಪವರ್ ಡೆಲಿವರಿ ಎಂಬ ಸಾಮಾನ್ಯ ವಿಧಾನವನ್ನೂ ಅಳವಡಿಸಿಕೊಂಡಿರತಕ್ಕದ್ದು.
ಈ) ಚಾರ್ಜರ್ ಇಲ್ಲದೆ ಸಾಧನವನ್ನು ಮಾತ್ರ ಕೊಳ್ಳುವ ಆಯ್ಕೆಯು ಗ್ರಾಹಕರಿಗೆ ಇರತಕ್ಕದ್ದು. ಪೆಟ್ಟಿಗೆಯಲ್ಲಿ ಚಾರ್ಜರ್ ಇದೆಯೋ ಇಲ್ಲವೋ ಎಂಬುದನ್ನು ಚಿತ್ರದ ಮೂಲಕ ತೋರಿಸತಕ್ಕದ್ದು.

ಬಳಕೆಯಾಗದೆ ಬಿದ್ದಿರುವ ಹಾಗೂ ಎಸೆಯಲ್ಪಡುವ ಚಾರ್ಜರ್‌ಗಳಿಂದ ಅಲ್ಲಿ ವರ್ಷಕ್ಕೆ ಸುಮಾರು 11,000 ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಗುತ್ತಿದೆಯೆಂದೂ, ಅನಗತ್ಯ ಖರೀದಿ ತಪ್ಪುವುದರಿಂದ ಗ್ರಾಹಕರಿಗೆ ವರ್ಷಕ್ಕೆ 25 ಕೋಟಿ ಯೂರೋವರೆಗೆ ಉಳಿತಾಯವಾಗುವುದೆಂದೂ ಒಕ್ಕೂಟವು ಅಂದಾಜು ಮಾಡಿತ್ತು.

ಇಂತಹ ನಿಯಮದಿಂದ ಹೊಸ ಆವಿಷ್ಕಾರಗಳಿಗೆ ಅಡ್ಡಿಯಾಗುವುದೆಂದು ಆಪಲ್ ಕಂಪನಿಯು ಆಕ್ಷೇಪ ವ್ಯಕ್ತಪಡಿಸಿತ್ತು. ಮುಂದೆ ಉತ್ತಮ ತಂತ್ರಜ್ಞಾನ ಬಂದಲ್ಲಿ ನಿಯಮವನ್ನು ಪರಿಷ್ಕರಿಸುವ ಅಧಿಕಾರವನ್ನು ಶಾಸನದಲ್ಲಿಯೇ ಕಲ್ಪಿಸಲಾಗಿದೆ. 2012ರಿಂದ ಲೈಟ್ನಿಂಗ್ ಎಂಬ ಸ್ವಂತ ಮಾದರಿಯನ್ನು ಬಳಸುತ್ತಿದ್ದ ಸದರಿ ಕಂಪನಿಯು 2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಶ್ರೇಣಿಯಿಂದ ಟೈಪ್-ಸಿ ಮಾದರಿಗೆ ಬದಲಾಯಿತು. ಭಾರತದಲ್ಲಿ ಮಾರಾಟವಾದ ಸಾಧನಗಳಿಗೂ ಈ ಬದಲಾವಣೆ ಅನ್ವಯವಾಯಿತು. ಒಂದು ದೊಡ್ಡ ಮಾರುಕಟ್ಟೆಯ ನಿಯಮವು ಇತರ ದೇಶಗಳ ಗ್ರಾಹಕರಿಗೂ ಪ್ರಯೋಜನ ತರಬಲ್ಲದೆಂಬುದಕ್ಕೆ ಇದು ನಿದರ್ಶನ.

3. ಭಾರತದಲ್ಲಿ ಕೈಗೊಂಡ ಕ್ರಮಗಳು

ಕೇಂದ್ರ ಗ್ರಾಹಕರ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್ 17ರಂದು ತಯಾರಕರ ಸಂಘಗಳು ಹಾಗೂ ತಾಂತ್ರಿಕ ಶಿಕ್ಷಣ ಸಂಸ್ಥೆಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿತು. ಬಳಿಕ 2022ರ ನವೆಂಬರ್ 16ರಂದು ನಡೆದ ಅಂತರ ಸಚಿವಾಲಯ ಕಾರ್ಯಪಡೆಯ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮುಂತಾದ ಸಾಧನಗಳಿಗೆ ಟೈಪ್-ಸಿ ಪೋರ್ಟನ್ನು ಅಳವಡಿಸುವ ಬಗ್ಗೆ ಒಮ್ಮತ ಮೂಡಿತು. ಕಡಿಮೆ ಬೆಲೆಯ ಸಾಮಾನ್ಯ ಕೀಪ್ಯಾಡ್ ಮೊಬೈಲ್‌ಗಳಿಗೆ ಬೇರೊಂದು ಪೋರ್ಟನ್ನು ಪರಿಗಣಿಸಬಹುದೆಂಬ ಅಭಿಪ್ರಾಯವೂ ವ್ಯಕ್ತವಾಯಿತು. ಬಡ ಕುಟುಂಬಗಳು ಬಳಸುವ ಫೋನಿನ ಬೆಲೆ ಏರಬಾರದೆಂಬ ದೃಷ್ಟಿಯಿಂದ ನೋಡಿದಾಗ ಈ ವಿಷಯವು ಮಹತ್ವದ್ದಾಗಿದೆ.

ತದನಂತರ ಭಾರತೀಯ ಮಾನಕ ಬ್ಯೂರೋ ಸಂಸ್ಥೆಯು ಐಎಸ್/ಐಇಸಿ 62680-1-3:2022 ಎಂಬ ಮಾನಕವನ್ನು ಪ್ರಕಟಿಸಿತು. 2023ರ ಜನವರಿಯಲ್ಲಿ ಇದನ್ನು ಸಾರ್ವಜನಿಕವಾಗಿ ತಿಳಿಯಪಡಿಸಲಾಯಿತು. ಟೈಪ್-ಸಿ ಪೋರ್ಟ್, ಪ್ಲಗ್ ಹಾಗೂ ತಂತಿಯ ಲಕ್ಷಣಗಳನ್ನು ನಿಗದಿಪಡಿಸುವ ಈ ಮಾನಕವು ಅಂತರರಾಷ್ಟ್ರೀಯ ಮಾನಕದ ಅಂಗೀಕೃತ ರೂಪವಾಗಿದೆ.

4. ಮಾನಕ ಹಾಗೂ ಕಡ್ಡಾಯ ನೋಂದಣಿ: ಇವುಗಳ ನಡುವಿನ ವ್ಯತ್ಯಾಸ

ಈ ಎರಡೂ ಒಂದೇ ಎಂದು ಭಾವಿಸಿದಲ್ಲಿ ಗ್ರಾಹಕರಿಗೆ ನಷ್ಟವಾಗುವ ಸಂಭವವಿದೆ. ಆದುದರಿಂದ ಕೆಳಗಿನ ಅಂಶಗಳನ್ನು ಗಮನಿಸಲು ಕೋರಲಾಗಿದೆ.

ಭಾರತೀಯ ಮಾನಕ ಬ್ಯೂರೋ ಅಧಿನಿಯಮ, 2016ರ ಪ್ರಕಾರ ಮಾನಕವೊಂದು ಪ್ರಕಟವಾದ ಮಾತ್ರಕ್ಕೆ ಕಡ್ಡಾಯವಾಗುವುದಿಲ್ಲ. ಸಾರ್ವಜನಿಕ ಹಿತ, ಸುರಕ್ಷತೆ, ಪರಿಸರ ರಕ್ಷಣೆ ಮುಂತಾದ ಕಾರಣಗಳಿಗಾಗಿ ಕೇಂದ್ರ ಸರ್ಕಾರವು ಸದರಿ ಅಧಿನಿಯಮದ 16ನೇ ಪ್ರಕರಣದಡಿ ಆದೇಶ ಹೊರಡಿಸಿದಾಗ ಅದು ಕಡ್ಡಾಯವಾಗುತ್ತದೆ. ಟೈಪ್-ಸಿ ಮಾನಕವು ಪ್ರಕಟವಾದಾಗ ಐಚ್ಛಿಕ ಸ್ವರೂಪದ್ದಾಗಿತ್ತು. ಹಳೆಯ ಪೋರ್ಟ್ ಇರುವ ಸಾಧನವನ್ನು ನಾಗರಿಕರು ಬಳಸುವುದು ಯಾವ ರೀತಿಯಲ್ಲಿಯೂ ತಪ್ಪಲ್ಲ.

ಸುರಕ್ಷತೆಯ ವಿಷಯ ಬೇರೆ. ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸರಕುಗಳ ಕಡ್ಡಾಯ ನೋಂದಣಿ ಆದೇಶವನ್ನು 2012ರಲ್ಲಿ ಹೊರಡಿಸಿ, ಅದರ ಸ್ಥಾನದಲ್ಲಿ 2021ರಲ್ಲಿ ಹೊಸ ಆದೇಶವನ್ನು ಜಾರಿಗೊಳಿಸಲಾಯಿತು. ಪವರ್ ಅಡಾಪ್ಟರ್, ಮೊಬೈಲ್ ಫೋನ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಮುಂತಾದವು ಇದರ ವ್ಯಾಪ್ತಿಗೆ ಒಳಪಡುತ್ತವೆ. ಇವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಮಾನಕ ಬ್ಯೂರೋದಲ್ಲಿ ನೋಂದಾಯಿಸಿ, ಮಾನಕ ಮುದ್ರೆ ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ನಮೂದಿಸಿದ ನಂತರವೇ ಮಾರಾಟ ಮಾಡತಕ್ಕದ್ದು.

ಸಂಕ್ಷಿಪ್ತವಾಗಿ ಹೇಳುವುದಾದರೆ, ಕಿಂಡಿಯ ಆಕಾರವು ತಂತಿ ಕೂಡುವುದೋ ಇಲ್ಲವೋ ಎಂಬುದನ್ನು ಮಾತ್ರ ತಿಳಿಸುತ್ತದೆ. ಅಡಾಪ್ಟರ್ ಸುರಕ್ಷತಾ ಪರೀಕ್ಷೆಗೆ ಒಳಪಟ್ಟಿದೆಯೋ ಇಲ್ಲವೋ ಎಂಬುದನ್ನು ನೋಂದಣಿ ಸಂಖ್ಯೆಯಿಂದ ತಿಳಿಯಬೇಕು. ಗೋಡೆಯ ಸಾಕೆಟ್‌ನಲ್ಲಿರುವ 230 ವೋಲ್ಟ್ ವಿದ್ಯುತ್ತನ್ನು 5 ವೋಲ್ಟ್‌ಗೆ ಇಳಿಸುವ ಕೆಲಸವನ್ನು ಅಡಾಪ್ಟರ್ ನಿರ್ವಹಿಸುತ್ತದೆ. ಕಳಪೆ ಅಡಾಪ್ಟರ್‌ನ ಒಳಗೆ ಈ ಎರಡು ಭಾಗಗಳ ನಡುವಿನ ಅಂತರ ಹಾಗೂ ನಿರೋಧಕ ಪದರವು ಸಾಕಷ್ಟಿರುವುದಿಲ್ಲ. ಅಂತಹ ಅಡಾಪ್ಟರ್‌ನಿಂದ ವಿದ್ಯುದಾಘಾತ ಹಾಗೂ ಬೆಂಕಿಯ ಅಪಾಯವಿದೆ. ರಾತ್ರಿ ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಮೊಬೈಲ್ ಚಾರ್ಜ್ ಮಾಡುವ ಅಭ್ಯಾಸವಿದ್ದಲ್ಲಿ ಅಪಾಯ ಇನ್ನೂ ಹೆಚ್ಚು.

5. ಕೂಡುವ ತಂತಿಗಳೆಲ್ಲ ಸಮಾನವಲ್ಲ

ಟೈಪ್-ಸಿ ತಂತಿಗಳು ನೋಡಲು ಒಂದೇ ತೆರನಾಗಿದ್ದರೂ ಸಾಮರ್ಥ್ಯದಲ್ಲಿ ವ್ಯತ್ಯಾಸವಿರುತ್ತದೆ.

ಅ) ಎರಡೂ ತುದಿಗಳಲ್ಲಿ ಟೈಪ್-ಸಿ ಇರುವ, ಮಾನಕಕ್ಕೆ ಅನುಗುಣವಾದ ಸಾಮಾನ್ಯ ತಂತಿಯು 3 ಆಂಪಿಯರ್ ವಿದ್ಯುತ್ತನ್ನು ಸಾಗಿಸಬಲ್ಲದು. 5 ಆಂಪಿಯರ್ ಸಾಗಿಸುವ ತಂತಿಯೊಳಗೆ ಗುರುತಿನ ಚಿಪ್ ಇರಬೇಕಾಗುತ್ತದೆ.
ಆ) ಪವರ್ ಡೆಲಿವರಿ ವಿಧಾನದಲ್ಲಿ ಅಡಾಪ್ಟರ್ ಮೊದಲು 5 ವೋಲ್ಟ್ ಮಾತ್ರ ನೀಡುತ್ತದೆ. ಸಾಧನವು ಎಷ್ಟು ಬೇಕೆಂದು ತಿಳಿಸಿದ ನಂತರ ವೋಲ್ಟೇಜ್ ಹೆಚ್ಚುತ್ತದೆ. 2021ರ ಪರಿಷ್ಕರಣೆಯ ನಂತರ ಈ ವಿಧಾನದಲ್ಲಿ ಗರಿಷ್ಠ 240 ವಾಟ್‌ವರೆಗೆ ಅವಕಾಶವಿದೆ.
ಇ) ಕೆಲವು ಕಂಪನಿಗಳು ವೇಗದ ಚಾರ್ಜಿಂಗ್‌ಗೆ ತಮ್ಮದೇ ಆದ ವಿಧಾನವನ್ನು ಬಳಸುತ್ತವೆ. ಅಂತಹ ಸಾಧನವನ್ನು ಬೇರೆ ಅಡಾಪ್ಟರ್‌ಗೆ ಸೇರಿಸಿದಾಗ ನಿಧಾನವಾಗಿ ಚಾರ್ಜ್ ಆಗಬಹುದು. ಇದನ್ನು ಕೂಡಲೇ ದೋಷವೆಂದು ಭಾವಿಸಬೇಕಾಗಿಲ್ಲ.
ಈ) ಅಗ್ಗದ ಕೆಲವು ಸಾಧನಗಳಲ್ಲಿ ಟೈಪ್-ಸಿ ಕಿಂಡಿಯಿದ್ದರೂ ಒಳಗಿನ ಅಗತ್ಯ ಬಿಡಿಭಾಗವನ್ನು ಕೈಬಿಟ್ಟಿರುವುದರಿಂದ ಎರಡೂ ತುದಿ ಟೈಪ್-ಸಿ ಇರುವ ತಂತಿಯಿಂದ ಅವು ಚಾರ್ಜ್ ಆಗುವುದೇ ಇಲ್ಲ. ಕೊಳ್ಳುವಾಗ ಅಂಗಡಿಯಲ್ಲಿಯೇ ಪರೀಕ್ಷಿಸುವುದು ಸೂಕ್ತ.

6. ವಿದ್ಯುತ್ ಚಾಲಿತ ವಾಹನಗಳು: ಬೆಂಗಳೂರಿನ ಕೊಡುಗೆ

ಪೋರ್ಟ್‌ನ ಸಮಸ್ಯೆಯು ಮೊಬೈಲ್‌ಗೆ ಮಾತ್ರ ಸೀಮಿತವಲ್ಲ. ವಿದ್ಯುತ್ ಸ್ಕೂಟರ್‌ಗಳಲ್ಲಿಯೂ ಕಂಪನಿಗೊಂದು ಪ್ಲಗ್ ಇದ್ದಲ್ಲಿ ಪ್ರತಿ ಕಂಪನಿಯೂ ಪ್ರತ್ಯೇಕ ಚಾರ್ಜಿಂಗ್ ಕೇಂದ್ರಗಳನ್ನು ಸ್ಥಾಪಿಸಬೇಕಾಗುತ್ತದೆ. ಕರ್ನಾಟಕವು 2017ರಲ್ಲಿ ವಿದ್ಯುತ್ ವಾಹನ ಹಾಗೂ ಇಂಧನ ಸಂಗ್ರಹಣಾ ನೀತಿಯನ್ನು ಪ್ರಕಟಿಸಿ, ಇಂತಹ ನೀತಿಯನ್ನು ತಂದ ದೇಶದ ಮೊದಲ ರಾಜ್ಯವೆನಿಸಿತು. ಚಾರ್ಜಿಂಗ್ ವ್ಯವಸ್ಥೆಗೆ ಬೆಸ್ಕಾಂ ಸಂಸ್ಥೆಯನ್ನು ರಾಜ್ಯದ ನೋಡಲ್ ಸಂಸ್ಥೆಯಾಗಿ ನೇಮಿಸಲಾಯಿತು.

ಬೆಂಗಳೂರಿನ ಏಥರ್ ಎನರ್ಜಿ ಕಂಪನಿಯು ತನ್ನ ಸ್ಕೂಟರ್‌ಗಳಿಗಾಗಿ ರೂಪಿಸಿದ್ದ ಚಾರ್ಜಿಂಗ್ ಪ್ಲಗ್ಗಿನ ವಿನ್ಯಾಸವನ್ನು 2021ರಲ್ಲಿ ಇತರ ತಯಾರಕರ ಬಳಕೆಗೆ ಮುಕ್ತಗೊಳಿಸಿತು. ಇದರ ಆಧಾರದ ಮೇಲೆ ಲಘು ವಿದ್ಯುತ್ ವಾಹನಗಳಿಗಾಗಿ ಐಎಸ್ 17017 (ಭಾಗ 2/ವಿಭಾಗ 7):2023 ಎಂಬ ಭಾರತೀಯ ಮಾನಕವನ್ನು 2023ರಲ್ಲಿ ಪ್ರಕಟಿಸಲಾಯಿತು. ನಿಧಾನ ಹಾಗೂ ವೇಗದ ಚಾರ್ಜಿಂಗ್ ಎರಡಕ್ಕೂ ಒಂದೇ ಪ್ಲಗ್ ಸಾಕೆನ್ನುವುದು ಇದರ ವಿಶೇಷ. ಹೀರೋ ಕಂಪನಿಯ ವಿಡಾ ಸ್ಕೂಟರ್‌ಗಳು ಸಹ ಇದನ್ನು ಅಳವಡಿಸಿಕೊಂಡಿವೆ. ಶಾಸನದ ಒತ್ತಾಯಕ್ಕೆ ಮುನ್ನವೇ ತಯಾರಕರು ತಮ್ಮ ವಿನ್ಯಾಸವನ್ನು ಹಂಚಿಕೊಂಡಲ್ಲಿ ಏಕರೂಪತೆಯು ಸುಲಭವಾಗುವುದೆಂಬುದನ್ನು ಇದರಿಂದ ತಿಳಿಯಬಹುದು.

ಮನೆಯಲ್ಲಿ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನವನ್ನು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯು ಅವಕಾಶ ನೀಡಿತು. ಮಂಜೂರಾದ ವಿದ್ಯುತ್ ಭಾರವು ಸಾಲದಿದ್ದಲ್ಲಿ ಹೆಚ್ಚುವರಿ ಭಾರಕ್ಕಾಗಿ ತಮ್ಮ ವ್ಯಾಪ್ತಿಯ ಬೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಸಲ್ಲಿಸಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ವಿದ್ಯುತ್ ಸಂಬಂಧಿತ ದೂರುಗಳಿಗೆ ಸಹಾಯವಾಣಿ 1912 ಲಭ್ಯವಿದೆ.

7. ಚಾರ್ಜರ್ ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ಸೀತಾ ಸರ್ಕಲ್ ಬಳಿಯ ಅಂಗಡಿಯಿರಲಿ, ಎಸ್.ಪಿ. ರಸ್ತೆಯ ಮಳಿಗೆಯಿರಲಿ ಅಥವಾ ಆನ್‌ಲೈನ್ ಖರೀದಿಯಿರಲಿ, ಕೆಳಗಿನ ಅಂಶಗಳು ಸಮಾನವಾಗಿ ಅನ್ವಯಿಸುತ್ತವೆ:

ಅ) ಅಡಾಪ್ಟರ್ ಮೇಲೆ ಮಾನಕ ಮುದ್ರೆ ಹಾಗೂ 'ಆರ್' ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದು. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದಲ್ಲಿ ನೋಂದಣಿಯ ವಿವರ ದೊರೆಯುತ್ತದೆ. ವಿವರವು ಅಡಾಪ್ಟರ್ ಮೇಲಿನ ಹೆಸರಿಗೆ ಹೊಂದದಿದ್ದಲ್ಲಿ ಕೊಳ್ಳಬಾರದು.
ಆ) ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ಸಂಪರ್ಕ ವಿವರ ಇದೆಯೇ ಎಂದು ಪರಿಶೀಲಿಸುವುದು. ಪೊಟ್ಟಣ ಸರಕುಗಳ ನಿಯಮಗಳು, 2011ರ ಪ್ರಕಾರ ಗರಿಷ್ಠ ಬೆಲೆಗಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಉಲ್ಲಂಘನೆ ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.
ಇ) ಹೊಸ ಮೊಬೈಲ್ ಕೊಳ್ಳುವಾಗ ಪೆಟ್ಟಿಗೆಯಲ್ಲಿ ಅಡಾಪ್ಟರ್ ಇದೆಯೇ ಎಂದು ಮೊದಲೇ ವಿಚಾರಿಸುವುದು. 2020ರಿಂದೀಚೆಗೆ ಕೆಲವು ಕಂಪನಿಗಳು ಅಡಾಪ್ಟರ್ ನೀಡುವುದನ್ನು ನಿಲ್ಲಿಸಿವೆ.
ಈ) ಬಿಲ್ಲನ್ನು ತಪ್ಪದೆ ಪಡೆಯುವುದು. ಬಿಲ್ಲು ನೀಡದಿರುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿದೆ.

8. ದೂರು ಸಲ್ಲಿಸುವ ವಿಧಾನ

ಮೊದಲ ಹಂತ: ಮಾರಾಟಗಾರರಿಗೆ ಅಥವಾ ತಯಾರಕರ ಸೇವಾ ಕೇಂದ್ರಕ್ಕೆ ಲಿಖಿತವಾಗಿ ದೂರು ನೀಡಿ ಸ್ವೀಕೃತಿ ಪಡೆಯಬೇಕು. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಸಹ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ.

ಎರಡನೆಯ ಹಂತ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ದೂರು ದಾಖಲಿಸಲು ಅವಕಾಶವಿದೆ. ಇದು ವ್ಯಾಜ್ಯಪೂರ್ವ ಸಂಧಾನದ ವ್ಯವಸ್ಥೆಯಾಗಿದ್ದು, ಕಂಪನಿಯು ಒಪ್ಪದಿದ್ದಲ್ಲಿ ಮುಂದಿನ ಹಂತಕ್ಕೆ ಹೋಗಬೇಕಾಗುತ್ತದೆ.

ಮೂರನೆಯ ಹಂತ: ಜಿಲ್ಲಾ ಗ್ರಾಹಕ ವಿವಾದಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಬಹುದು. ಬೆಂಗಳೂರು ನಗರದ ಆಯೋಗಗಳು ಶಾಂತಿನಗರದ ಬಿ.ಎಂ.ಟಿ.ಸಿ. ಕಟ್ಟಡದಲ್ಲಿವೆ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ಸೌಲಭ್ಯವೂ ಇದೆ. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ಮಾರಾಟಗಾರರು ಬೇರೆ ಊರಿನವರಾಗಿದ್ದರೂ ದೂರುದಾರರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿ ದೂರು ನೀಡಬಹುದು. ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲಿನ ಪ್ರತಿ, ವಾರಂಟಿ ಪತ್ರ, ಅಡಾಪ್ಟರ್ ಹಾಗೂ ಪೊಟ್ಟಣದ ಛಾಯಾಚಿತ್ರ, ಮಾರಾಟಗಾರರೊಡನೆ ನಡೆಸಿದ ಪತ್ರವ್ಯವಹಾರದ ಪ್ರತಿಗಳು, ಗುರುತು ಹಾಗೂ ವಾಸಸ್ಥಳದ ದಾಖಲೆ. ಸುಟ್ಟುಹೋದ ಚಾರ್ಜರನ್ನು ಎಸೆಯದೆ ಸಾಕ್ಷ್ಯವಾಗಿ ಇಟ್ಟುಕೊಳ್ಳುವುದು ಅತ್ಯಗತ್ಯ.

ನಕಲಿ ಮಾನಕ ಮುದ್ರೆಯ ಬಗ್ಗೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಥವಾ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಮಾನಕ ಬ್ಯೂರೋ ಕಚೇರಿಯಲ್ಲಿ ದೂರು ನೀಡಬಹುದು.

9. ಹಳೆಯ ಚಾರ್ಜರ್‌ಗಳ ವಿಲೇವಾರಿ

ಹೊಸ ಪೋರ್ಟ್ ಬಂದಿತೆಂದು ಹಳೆಯ ಚಾರ್ಜರ್‌ಗಳನ್ನು ಒಂದೇ ಬಾರಿಗೆ ಎಸೆದಲ್ಲಿ ನಿಯಮದ ಉದ್ದೇಶವೇ ವಿಫಲವಾಗುತ್ತದೆ. ಸುಸ್ಥಿತಿಯಲ್ಲಿರುವ ಹಳೆಯ ಅಡಾಪ್ಟರ್‌ಗೆ ಟೈಪ್-ಸಿ ತಂತಿಯನ್ನು ಮಾತ್ರ ಕೊಂಡು ಬಳಸಬಹುದು. ಕೆಟ್ಟವುಗಳನ್ನು ಹಸಿಕಸ ಅಥವಾ ಒಣಕಸದೊಡನೆ ಬೆರೆಸಬಾರದು. ತಾಮ್ರಕ್ಕಾಗಿ ತಂತಿಯನ್ನು ಸುಡಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರ ಪ್ರಕಾರ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ವಿಧಿಸಲಾಗಿದೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ ಸಂಸ್ಥೆಯು 2005ರಲ್ಲಿ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಅಧಿಕೃತ ಸಂಸ್ಥೆಗಳ ವಿವರವನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲ್ಯಾಪ್‌ಟಾಪ್‌ನ 65 ವಾಟ್ ಟೈಪ್-ಸಿ ಅಡಾಪ್ಟರ್‌ನಿಂದ ಮೊಬೈಲ್ ಚಾರ್ಜ್ ಮಾಡಿದರೆ ಹಾನಿಯಾಗುವುದೇ?
ಉತ್ತರ: ಮಾನಕಕ್ಕೆ ಅನುಗುಣವಾದ ಅಡಾಪ್ಟರ್ ಆಗಿದ್ದಲ್ಲಿ ಹಾನಿಯಿಲ್ಲ. ಮೊಬೈಲ್ ಕೇಳಿದಷ್ಟು ವಿದ್ಯುತ್ತನ್ನು ಮಾತ್ರ ಅದು ನೀಡುತ್ತದೆ.

ಪ್ರಶ್ನೆ: ಬೇರೆ ಕಂಪನಿಯ ಚಾರ್ಜರ್ ಬಳಸಿದ ಕಾರಣ ನೀಡಿ ವಾರಂಟಿ ನಿರಾಕರಿಸಿದಲ್ಲಿ ಏನು ಮಾಡಬೇಕು?
ಉತ್ತರ: ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಬಳಸಿದ ಅಡಾಪ್ಟರ್‌ನ ನೋಂದಣಿ ಸಂಖ್ಯೆಯನ್ನು ಉಲ್ಲೇಖಿಸಿ 8ನೇ ಕಂಡಿಕೆಯಲ್ಲಿ ತಿಳಿಸಿದ ಕ್ರಮದಲ್ಲಿ ದೂರು ಸಲ್ಲಿಸಬಹುದು.

ಪ್ರಶ್ನೆ: ಪೋರ್ಟ್ ಸಡಿಲವಾಗಿದೆ. ಹೊಸ ಫೋನ್ ಕೊಳ್ಳಲೇಬೇಕೇ?
ಉತ್ತರ: ಅಗತ್ಯವಿಲ್ಲ. ಕಿಂಡಿಯಲ್ಲಿ ಧೂಳು ತುಂಬಿದಾಗಲೂ ತಂತಿ ಸರಿಯಾಗಿ ಕೂರುವುದಿಲ್ಲ. ಮೊದಲು ಸೇವಾ ಕೇಂದ್ರದಲ್ಲಿ ಶುಚಿಗೊಳಿಸಿ ಪರೀಕ್ಷಿಸಿಕೊಳ್ಳುವುದು. ದುರಸ್ತಿಯ ಮಾಹಿತಿಗಾಗಿ ಕೇಂದ್ರ ಗ್ರಾಹಕರ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿದೆ.

ಪ್ರಶ್ನೆ: ಅರ್ಜಿ ಸಲ್ಲಿಸಲು ಕಚೇರಿಗೆ ಬರುವಾಗ ಏನು ಮಾಡುವುದು ಒಳಿತು?
ಉತ್ತರ: ಮೊಬೈಲನ್ನು ಮುಂಚಿತವಾಗಿ ಪೂರ್ಣ ಚಾರ್ಜ್ ಮಾಡಿಕೊಂಡು, ಆಧಾರ್‌ಗೆ ಜೋಡಣೆಯಾಗಿರುವ ಸಂಖ್ಯೆಯ ಫೋನನ್ನೇ ತರುವುದು.

ನಾಗರಿಕರು ಮೇಲಿನ ಮಾಹಿತಿಯನ್ನು ತಮ್ಮ ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಸಿ, ನೋಂದಣಿ ಸಂಖ್ಯೆಯಿಲ್ಲದ ಅಡಾಪ್ಟರ್‌ಗಳನ್ನು ಕೊಳ್ಳದಂತೆ ಎಚ್ಚರ ವಹಿಸಬೇಕೆಂದು ಕೋರಲಾಗಿದೆ.